ಎರಡಂಗುಲದ ಸಿಪಾಯಿ

ದಸರೆಯ ಗೊಂಬೆಗಳ ಸಾಲಿನಲ್ಲಿ ಸಿಪಾಯಿಗೆ ಹಿಂದಿನಿಂದಲೂ ಒಂದು ಜಾಗವಿದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಅದರ ಕೆಳಗೆ ದಶಾವತಾರ, ಇನ್ನೂ ಕೆಳಗೆ ಶೆಟ್ಟಿ ದಂಪತಿಗಳ ಅಂಗಡಿ. ಎಲ್ಲಕ್ಕಿಂತ ಕೆಳಗೆ, ಮಕ್ಕಳ ಕೈಗೆಟುಕುವ ಮಟ್ಟದಲ್ಲಿ, ಜಂಬೂಸವಾರಿ. ಆನೆ, ಅಂಬಾರಿ, ಬ್ಯಾಂಡಿನವರು, ಕುದುರೆ ಸವಾರರು, ಕಾಲಾಳುಗಳು. ಕಡಲು ದಾಟಿ ಬಂದ ಮೇಲೂ ನಮ್ಮವರು ಈ ಕ್ರಮವನ್ನು ಬಿಟ್ಟಿಲ್ಲ. ಸಿಡ್ನಿಯ ವಾಯವ್ಯ ಅಂಚಿನ ಮಾರ್ಸ್ಡನ್ ಪಾರ್ಕಿನಲ್ಲಿ ಹೊಸ ಮನೆಗಳು ಏಳುತ್ತಿದ್ದಂತೆ ಆ ಮನೆಗಳ ಹಜಾರಗಳಲ್ಲಿ ಗೊಂಬೆಯ ಮೆಟ್ಟಿಲುಗಳೂ ಏಳುತ್ತಿವೆ. ಊರಿನಲ್ಲಿ ಮಳೆ ಹಿಂದೆಗೆಯುವ ಹೊತ್ತಿಗೆ ಬರುವ ನವರಾತ್ರಿ ಇಲ್ಲಿ ವಸಂತದಲ್ಲಿ ಬರುತ್ತದೆ ಎನ್ನುವುದೊಂದೇ ವ್ಯತ್ಯಾಸ.

ಇನ್ನೊಂದು ವ್ಯತ್ಯಾಸವೂ ಇದೆ. ಊರಿನಿಂದ ತಂದ ಗೊಂಬೆಗಳಲ್ಲಿ ಆನೆ, ಅಂಬಾರಿ ಸಿಗುತ್ತವೆ; ಸೈನಿಕರು ಸಾಲದೆ ಬರುತ್ತಾರೆ. ಆ ಕೊರತೆಯನ್ನು ಸಿಡ್ನಿ, ಮೆಲ್ಬರ್ನ್‌ಗಳ ಆಟಿಕೆ ಅಂಗಡಿಗಳೂ ಹಳೆಯ ಸಾಮಾನಿನ ಸಂತೆಗಳೂ ತುಂಬುತ್ತವೆ. ಹೀಗಾಗಿ ಮೈಸೂರಿನ ಅಂಬಾರಿಯ ಮುಂದೆ ಲಂಡನ್ ಅರಮನೆಯ ಕರಡಿ ತುಪ್ಪಳದ ಟೋಪಿಯವರು ಹೆಜ್ಜೆ ಹಾಕುತ್ತಾರೆ. ಅವರ ಹಿಂದೆ ಹಸಿರು ಪ್ಲಾಸ್ಟಿಕ್ಕಿನ ಅಮೆರಿಕನ್ ಸೈನಿಕರು ನೆಲಕ್ಕೆ ಕವುಚಿ ಗುರಿ ಇಡುತ್ತಾರೆ. ಒಬ್ಬ ಆನೆಯ ಮೊಣಕಾಲಿನಷ್ಟಿದ್ದರೆ ಪಕ್ಕದವನು ಅಂಬಾರಿಯಷ್ಟೆತ್ತರ. ಬಂದವರು ನೋಡಿ ನಕ್ಕು, ಆರತಿ ಮುಗಿಸಿ, ಬಾಗಿನದ ತಿಂಡಿ ತಿಂದು ಹೋಗುತ್ತಾರೆ.

ನಗುವುದರಲ್ಲಿ ತಪ್ಪಿಲ್ಲ. ಆದರೆ ಇಲ್ಲಿ ಎರಡು ಬಗೆಯ ಎಡವಟ್ಟುಗಳಿವೆ ಎಂಬುದನ್ನು ಗಮನಿಸಬೇಕು. ಒಂದು ಅಳತೆಯದು, ಇನ್ನೊಂದು ಇತಿಹಾಸದ್ದು. ಇವೆರಡೂ ಒಂದೇ ತೂಕದವಲ್ಲ ಎಂಬುದು ನಮ್ಮ ಅಭಿಪ್ರಾಯ. ವೈದ್ಯ ವೃತ್ತಿಯಲ್ಲಿ ಮೂರು ದಶಕಗಳಿಂದ ಮನುಷ್ಯರ ಎತ್ತರ, ತೂಕ ಬರೆದುಕೊಳ್ಳುತ್ತಲೇ ಬಂದ ನಮಗೆ, ಬಿಡುವಿನಲ್ಲಿ ಈ ಎರಡಂಗುಲದ ಮನುಷ್ಯರನ್ನು ಕೂಡಿಡುವ ಗೀಳೂ ಇರುವುದರಿಂದ, ಈ ವಿಚಾರವನ್ನು ಓದುಗ ಮಿತ್ರರ ಮುಂದಿಡಬೇಕೆನಿಸಿತು.

ದೊಡ್ಡವರು ದೊಡ್ಡದಾಗಿರುತ್ತಿದ್ದ ಕಾಲ

ಮೊದಲು ಅಳತೆಯ ವಿಚಾರ. ನಮ್ಮ ನಾಡಿನ ಕಲೆಯಲ್ಲಿ ಆಕೃತಿಯ ಗಾತ್ರ ಎಂದರೆ ಗೌರವದ ಲೆಕ್ಕವೇ ಹೊರತು ಅಡಿ ಅಂಗುಲದ ಲೆಕ್ಕವಲ್ಲ. ಹಳ್ಳಿಯ ಹೊರಗಿನ ಯಾವುದೇ ವೀರಗಲ್ಲನ್ನು ನೋಡಿ: ಸತ್ತ ವೀರ ದೊಡ್ಡವನು, ಅವನ ಎದುರಾಳಿಗಳು ಸಣ್ಣವರು. ಶಿಲ್ಪಿಗೆ ಮನುಷ್ಯರ ಎತ್ತರ ಗೊತ್ತಿರಲಿಲ್ಲ ಎಂದಲ್ಲ. ಕಲ್ಲು ಯಾರಿಗಾಗಿ ನೆಟ್ಟದ್ದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಶಿಲೆಯಲ್ಲಂತೂ ಆನೆ, ಕುದುರೆ, ಕಾಲಾಳುಗಳೊಡನೆ ಇಡೀ ಒಂದು ಕಾಳಗವೇ ಇದೆ. ಸಾವಿರದ ನೂರು ವರ್ಷಗಳಷ್ಟು ಹಳೆಯದಾದ ಆ ಕಲ್ಲಿನ ಮುಂದೆ ಯಾರೂ ಅಳತೆಗೋಲು ಹಿಡಿದು ನಿಲ್ಲುವುದಿಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯದೂ ಅದೇ ನ್ಯಾಯ. ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ಆ ಬೇಸಗೆ ಅರಮನೆಯ ಪಶ್ಚಿಮ ಗೋಡೆಯ ಮೇಲೆ, 1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಮೈಸೂರಿನವರು ಸೋಲಿಸಿದ ಕಥೆಯಿದೆ. ಮುಖ್ಯರಾದವರು ಎದ್ದು ಕಾಣುತ್ತಾರೆ. ಸಾಮಾನ್ಯ ಸಿಪಾಯಿಗಳು ಒಂದೇ ಅಚ್ಚಿನಿಂದ ತೆಗೆದವರಂತೆ ಸಾಲುಸಾಲಾಗಿ ನಿಂತಿದ್ದಾರೆ. ಇಂದಿನ ಸಂಗ್ರಾಹಕನೊಬ್ಬ ತನ್ನ ಮೇಜಿನ ಮೇಲೆ ಹರಡುವ ಸೈನ್ಯಕ್ಕೂ ಈ ಚಿತ್ರಕ್ಕೂ ಬಹಳ ದೂರವಿಲ್ಲ. ಆದ್ದರಿಂದ ಪಟ್ಟದ ಗೊಂಬೆ ಆನೆಗಿಂತ ಎತ್ತರವಾಗಿದ್ದರೆ ನಮ್ಮ ಸಂಪ್ರದಾಯದಲ್ಲಿ ಅದು ದೋಷವೇ ಅಲ್ಲ. ರಾಜ ದೊಡ್ಡವನು, ಆದ್ದರಿಂದ ಗೊಂಬೆಯೂ ದೊಡ್ಡದು. ಮಕ್ಕಳಿಗೂ ಇದು ಹೇಳದೆಯೇ ಅರ್ಥವಾಗುತ್ತದೆ.

ಐವತ್ತನಾಲ್ಕು ಮಿಲಿಮೀಟರ್ ಎಲ್ಲಿಂದ ಬಂತು?

ಸಿಪಾಯಿ ಗೊಂಬೆಗಳನ್ನು ಒಂದು ಅಳತೆಗೆ ತಂದವರು ಯುರೋಪಿನ ವ್ಯಾಪಾರಿಗಳು. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಹದಿನೆಂಟನೆಯ ಶತಮಾನದಿಂದ ತವರದ ಚಪ್ಪಟೆ ಸಿಪಾಯಿಗಳು ತಯಾರಾಗುತ್ತಿದ್ದವು. ಒಬ್ಬೊಬ್ಬರದು ಒಂದೊಂದು ಗಾತ್ರ. ಒಂದು ಅಂಗಡಿಯ ಕಾಲಾಳು ಇನ್ನೊಂದು ಅಂಗಡಿಯ ಸವಾರನ ಪಕ್ಕದಲ್ಲಿ ನಿಲ್ಲುವಂತಿರಲಿಲ್ಲ. 1848ರಲ್ಲಿ ಹೈನ್ರಿಕ್ಸನ್ ಎಂಬ ತಯಾರಕರು ಸುಮಾರು 28 ಮಿಲಿಮೀಟರಿನ ಅಳತೆಯನ್ನು ನಿಗದಿ ಮಾಡಿಕೊಂಡರು. ಉಳಿದವರೂ ಅದನ್ನು ಅನುಸರಿಸಿದರು. ಗಿರಾಕಿ ಯಾರ ಬಳಿ ಕೊಂಡರೂ ಸೈನ್ಯ ಒಂದಾಗುವಂತಾಯಿತು.

ಲಂಡನ್ನಿನಲ್ಲಿ ವಿಲಿಯಂ ಬ್ರಿಟನ್ ಕುಟುಂಬದವರು 1893ರಲ್ಲಿ ಹೊಸ ಉಪಾಯ ಹುಡುಕಿದರು. ಕರಗಿದ ಸೀಸವನ್ನು ಅಚ್ಚಿಗೆ ಸುರಿದು, ಹೊರಪದರ ಗಟ್ಟಿಯಾಗುತ್ತಿದ್ದಂತೆ ಒಳಗಿನದನ್ನು ಹೊರಕ್ಕೆ ಚೆಲ್ಲಿಬಿಡುವುದು. ಒಳಗೆ ಟೊಳ್ಳು, ಹೊರಗೆ ಸಿಪಾಯಿ. ಲೋಹ ಉಳಿಯಿತು, ತೂಕ ಇಳಿಯಿತು, ಬೆಲೆಯೂ ಇಳಿಯಿತು. ಕೆಂಪು ಪೆಟ್ಟಿಗೆಗಳಲ್ಲಿ ಬಂದ ಈ ಗೊಂಬೆಗಳು ಜರ್ಮನಿಯವರ ಮಾರುಕಟ್ಟೆಯನ್ನೇ ಕಿತ್ತುಕೊಂಡವು. ಅವರು ಆರಿಸಿಕೊಂಡ ಎತ್ತರ 54 ಮಿಲಿಮೀಟರ್, ಎಂದರೆ ಎರಡು ಅಂಗುಲಕ್ಕೆ ಒಂದು ನೂಲು ಹೆಚ್ಚು. ಆ ಕಾಲದ ಒಂದನೇ ನಂಬರಿನ ಆಟಿಕೆ ರೈಲಿಗೆ ಹೊಂದುವ ಎತ್ತರವದು. ಆ ರೈಲಿನ ಹಳಿಗಳ ಅಂತರ 45 ಮಿಲಿಮೀಟರ್. ಅದನ್ನು 32ರಿಂದ ಗುಣಿಸಿದರೆ 1440, ಹೆಚ್ಚುಕಡಿಮೆ ಇಂಗ್ಲೆಂಡಿನ ನಿಜವಾದ ರೈಲು ಹಳಿಯ ಅಗಲ. 54ನ್ನು 32ರಿಂದ ಗುಣಿಸಿದರೆ 1728 ಮಿಲಿಮೀಟರ್, ಎಂದರೆ ಐದಡಿ ಎಂಟಂಗುಲದ ಆಳು. ಒಂದಕ್ಕೆ ಮೂವತ್ತೆರಡು ಎಂಬ ಈ ಪ್ರಮಾಣವೇ ಇಂದಿಗೂ ಸಂಗ್ರಾಹಕರ ನಡುವೆ ನಡೆಯುತ್ತಿದೆ.

ಲೆಕ್ಕ ಇಲ್ಲಿಗೆ ಮುಗಿಯಿತು ಎಂದುಕೊಂಡರೆ ತಕರಾರು ಇಲ್ಲಿಂದಲೇ ಶುರು. 54 ಎಂದರೆ ಪಾದದಿಂದ ಎಲ್ಲಿಯವರೆಗೆ? ನೆತ್ತಿಯವರೆಗೋ, ಕಣ್ಣಿನವರೆಗೋ? ಸಿಪಾಯಿಯ ತಲೆಯ ಮೇಲೆ ಟೋಪಿಯೋ ಪೇಟವೋ ಇರುವುದರಿಂದ ನೆತ್ತಿ ಕಾಣುವುದಿಲ್ಲ. ಹಾಗಾಗಿ ಕಣ್ಣಿನವರೆಗೆ ಅಳೆಯುವುದೇ ಸರಿ ಎನ್ನುವ ತಯಾರಕರು ಬಹಳ ಮಂದಿ. ನಿಂತ ಮನುಷ್ಯನ ಕಣ್ಣು ನೆತ್ತಿಗಿಂತ ಸುಮಾರು ನಾಲ್ಕೂವರೆ ಅಂಗುಲ ಕೆಳಗಿರುತ್ತದೆ. ಕಣ್ಣಿನವರೆಗೆ 54 ಇರುವ ಗೊಂಬೆ ನೆತ್ತಿಯವರೆಗೆ 58 ಆಗುತ್ತದೆ. ಅದೇ ಪ್ರಮಾಣದಲ್ಲಿ ಅವನು ಆರಡಿಯನ್ನು ದಾಟಿದ ಆಳು! ಒಂದೇ ಅಳತೆಯ ಹೆಸರು ಹೊತ್ತ ಇಬ್ಬರು ಸಿಪಾಯಿಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ಒಬ್ಬನು ಅಣ್ಣ, ಇನ್ನೊಬ್ಬನು ತಮ್ಮ.

ವೈದ್ಯನ ಕಣ್ಣಿಗೆ ಬೀಳುವುದು ಇನ್ನೊಂದು ಸಂಗತಿ. ಹುಟ್ಟಿದ ಕೂಸಿನ ತಲೆ ಅದರ ಉದ್ದದ ಕಾಲು ಭಾಗ. ಬೆಳೆಯುತ್ತ ಕೈಕಾಲು ನೀಳವಾಗಿ, ವಯಸ್ಕರಲ್ಲಿ ತಲೆ ಎತ್ತರದ ಏಳೂವರೆಯಲ್ಲೊಂದು ಪಾಲಿಗೆ ಇಳಿಯುತ್ತದೆ. 54 ಮಿಲಿಮೀಟರಿನ ಸಿಪಾಯಿಗೆ ತಲೆ 7 ಮಿಲಿಮೀಟರಿಗೆ ತುಸು ಹೆಚ್ಚಿದ್ದರೆ ಸರಿ. ಯುದ್ಧದ ಆಟಗಳಿಗೆಂದು ಮಾಡುವ 28 ಮಿಲಿಮೀಟರಿನ ಗೊಂಬೆಗಳನ್ನು ನೋಡಿ: ಮೀಸೆ ಹೊತ್ತ ಮುಖ, ಕೆಳಗೆ ಆರು ವರ್ಷದ ಹುಡುಗನ ದೇಹಪ್ರಮಾಣ, ಕೈಗಳು ಬಾಳೆಗೊನೆಯಂತೆ ದಪ್ಪ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಅಷ್ಟು ಸಣ್ಣ ಗೊಂಬೆಯ ಮಣಿಕಟ್ಟನ್ನು ಸರಿಯಾದ ಪ್ರಮಾಣದಲ್ಲಿ ಎರಕ ಹೊಯ್ದರೆ ಮೊದಲ ದಿನವೇ ಮುರಿಯುತ್ತದೆ; ಮುಖ ದೊಡ್ಡದಿರದಿದ್ದರೆ ಮೇಜಿನ ಆಚೆ ಬದಿಯಿಂದ ಕಾಣುವುದಿಲ್ಲ. ಎರಕದವನ ಕಷ್ಟವೂ ಬಣ್ಣ ಹಚ್ಚುವವನ ಅನುಕೂಲವೂ ಸೇರಿ ಆ ರೂಪ ಬಂದಿದೆ.

ಕಣ್ಣಿಗೆ ನಿಜವಾಗಿ ಕಾಣಬೇಕಾದರೆ ಅಳತೆಯನ್ನು ಬೇಕೆಂದೇ ಮುರಿಯಬೇಕಾಗುತ್ತದೆ ಎಂಬುದಕ್ಕೆ ನಮ್ಮ ಈ ದೇಶದಲ್ಲೇ ಒಳ್ಳೆಯ ಉದಾಹರಣೆಯಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ವೆಬ್ ಗಿಲ್ಬರ್ಟ್, ವಾಲೇಸ್ ಆಂಡರ್ಸನ್, ಲೂಯಿ ಮೆಕ್‌ಕಬ್ಬಿನ್ ಮೊದಲಾದ ಕಲಾವಿದರು ಆಸ್ಟ್ರೇಲಿಯಾದ ಯುದ್ಧ ಸಂಗ್ರಹಾಲಯಕ್ಕಾಗಿ ರಣಭೂಮಿಯ ದೃಶ್ಯಗಳನ್ನು ಗೊಂಬೆಗಳಲ್ಲಿ ಕಟ್ಟಿದರು. ಸಂಗ್ರಹಾಲಯವೂ ಆಗ ಸಂಚಾರಿಯಾಗಿತ್ತು: 1922ರಿಂದ 1925ರವರೆಗೆ ಮೆಲ್ಬರ್ನಿನ ಎಕ್ಸಿಬಿಷನ್ ಕಟ್ಟಡದಲ್ಲಿ, ಅನಂತರ 1935ರವರೆಗೆ ಸಿಡ್ನಿಯಲ್ಲಿ; 1941ರಲ್ಲಿ ಕ್ಯಾನ್‌ಬೆರ್ರಾದ ಈಗಿನ ಕಟ್ಟಡ ತೆರೆಯಿತು. ಲೋನ್ ಪೈನ್ ದೃಶ್ಯವನ್ನು ನೋಡಿದವರಿಗೆ ನೆನಪಿರಬಹುದು. ಮುಂದಿನ ಸೈನಿಕರು ದೊಡ್ಡವರು, ಹಿಂದೆ ಹೋದಂತೆ ಸಣ್ಣವರು, ಕೊನೆಗೆ ಗೋಡೆಯ ಮೇಲಿನ ಬಣ್ಣದ ಚಿತ್ರದಲ್ಲಿ ಲೀನವಾಗುವವರು. ಎಲ್ಲರೂ ಒಂದೇ ಅಳತೆಯಲ್ಲಿದ್ದಿದ್ದರೆ ಕೆಲವು ಅಡಿಗಳ ಪೆಟ್ಟಿಗೆಯಲ್ಲಿ ಇಡೀ ಬೆಟ್ಟ ಕಾಣುತ್ತಿರಲಿಲ್ಲ. ಆದರೆ ಅದೇ ಕಲಾವಿದರು ಸಮವಸ್ತ್ರದ ವಿಷಯದಲ್ಲಿ, ಆಯುಧದ ವಿಷಯದಲ್ಲಿ, ನೆಲದ ಏರುತಗ್ಗಿನ ವಿಷಯದಲ್ಲಿ ಇಂಥ ಸ್ವಾತಂತ್ರ್ಯ ವಹಿಸಲಿಲ್ಲ. ಯಾವುದನ್ನು ಬಗ್ಗಿಸಬಹುದು, ಯಾವುದನ್ನು ಬಗ್ಗಿಸಬಾರದು ಎಂಬ ವಿವೇಕ ಅವರಿಗಿತ್ತು.

ಬಣ್ಣದ ಡಬ್ಬಿಯಲ್ಲಿರುವ ಇತಿಹಾಸ

ಈಗ ಎರಡನೆಯ ಎಡವಟ್ಟಿಗೆ ಬರೋಣ. ಬ್ರಿಟನ್ ಕಂಪನಿಯವರು ಭಾರತದ ಸೈನಿಕರನ್ನೂ ಮಾಡುತ್ತಿದ್ದರು. ಬಂಗಾಳದ ಲ್ಯಾನ್ಸರ್‌ಗಳು, ಸ್ಕಿನ್ನರನ ಕುದುರೆ ಪಡೆ, ಮದರಾಸಿನ ಅಶ್ವದಳ, ಮದರಾಸಿನ ಕಾಲಾಳುಗಳು ಅವರ ಪಟ್ಟಿಯಲ್ಲಿದ್ದವು. ದಕ್ಷಿಣ ಆಸ್ಟ್ರೇಲಿಯಾದ ಲ್ಯಾನ್ಸರ್‌ಗಳೂ ಇದ್ದರು. ಆದರೆ ಅಚ್ಚು ಮಾಡಿಸುವುದು ದುಬಾರಿ, ಬಣ್ಣ ಅಗ್ಗ. ಹಾಗಾಗಿ ಒಂದೇ ಅಚ್ಚಿನ ಮೈಗೆ ಬೇರೆ ಬೇರೆ ಬಣ್ಣ ಬಳಿದು ಬೇರೆ ಬೇರೆ ದಳಗಳೆಂದು ಮಾರುವುದು ವಾಡಿಕೆಯಾಯಿತು. ಪೇಟದ ಸುತ್ತು, ಕೋಟಿನ ಕೊರಳು, ಜೀನಿನ ಕಟ್ಟು ಇವೆಲ್ಲ ಪ್ರಾಂತದಿಂದ ಪ್ರಾಂತಕ್ಕೆ ಬೇರೆಯಾದರೂ ಪೆಟ್ಟಿಗೆಯೊಳಗೆ ಎಲ್ಲರೂ ಒಂದೇ ತಾಯಿಯ ಮಕ್ಕಳು. ಕೊಳ್ಳುವ ಇಂಗ್ಲಿಷ್ ಹುಡುಗನಿಗೆ ಪೇಟ ಕಟ್ಟಿದವರೆಲ್ಲರೂ ಒಂದೇ.

ಟಿಪ್ಪುವಿನ ಸಿಪಾಯಿಗಳ ಪಾಡು ಇನ್ನೊಂದು ಬಗೆ. ಇಂದು ಇಂಗ್ಲೆಂಡಿನ ಹಲವು ತಯಾರಕರು ಮೈಸೂರು ಯುದ್ಧಗಳ ಗೊಂಬೆಗಳನ್ನು ಮಾರುತ್ತಾರೆ. ಟಿಪ್ಪು ಎಂದರೆ ಹುಲಿ, ಹುಲಿ ಎಂದರೆ ಕಿತ್ತಳೆಯ ಮೇಲೆ ಕಪ್ಪು ಪಟ್ಟೆ ಎಂದು ಬಣ್ಣ ಹಚ್ಚುವವರು ಸಿಪಾಯಿಗೆ ದಸರೆಯ ಹುಲಿವೇಷವನ್ನೇ ತೊಡಿಸುತ್ತಾರೆ. ಆ ಕಾಲದ ಇಂಗ್ಲಿಷ್ ಅಧಿಕಾರಿಗಳು ಬರೆದಿಟ್ಟ ವಿವರಣೆ ಬೇರೆಯೇ ಇದೆ: ನೇರಳೆ ಬಣ್ಣದ ಬಟ್ಟೆ, ಅದರ ಮೇಲೆ ವಜ್ರಾಕಾರದ ಬಿಳಿಯ ಚುಕ್ಕೆಗಳು, ಕೆಂಪು ಪೇಟ, ಕೆಂಪು ನಡುಪಟ್ಟಿ, ಬರಿಗಾಲಿಗೆ ಚಪ್ಪಲಿ. ಬಬ್ರಿ ಎಂದು ಕರೆಯುತ್ತಿದ್ದ ಆ ಹುಲಿಯ ಗುರುತು ನಿಜವಾದ ಹುಲಿಯ ಚರ್ಮವಲ್ಲ. ನೇಯ್ಗೆಯಲ್ಲೋ ಅಚ್ಚಿನಲ್ಲೋ ಮೂಡಿದ ಚಿಹ್ನೆ. ಇದು ಟಿಪ್ಪುವಿನ ಆಳ್ವಿಕೆಯ ಮಾತು. ಹೈದರ್ ಅಲಿ 1782ರಲ್ಲಿ ತೀರಿಕೊಂಡ. ಪೊಲ್ಲಿಲೂರಿನಲ್ಲಿ ಕಾದಾಡಿದ್ದು ಅವನ ಸೈನ್ಯ. 1780ರ ಕಾಳಗಕ್ಕೆ 1790ರ ದಶಕದ ಅಂಗಿ ತೊಡಿಸಿದರೆ ಅದೂ ತಪ್ಪೇ.

ಹಾಗಾದರೆ ದರಿಯಾ ದೌಲತ್‌ನ ಗೋಡೆಯನ್ನೇ ನೋಡಿ ಬಣ್ಣ ಹಚ್ಚಬಹುದಲ್ಲ ಎಂದು ಕೇಳಬಹುದು. ನೋಡಬಹುದು, ಎಚ್ಚರದಿಂದ ನೋಡಬೇಕು. ಆ ಚಿತ್ರ ಹಾಳಾಗಿ, ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ, 1850ರ ದಶಕದಲ್ಲಿ, ಮತ್ತೆ ಬರೆಸಿದ್ದು. ಎಪ್ಪತ್ತು ವರ್ಷಗಳ ನಂತರ ತಿದ್ದಿದ ಸಾಕ್ಷ್ಯವನ್ನು ನ್ಯಾಯಾಲಯವೂ ಹಾಗೆ ಹಾಗೇ ಒಪ್ಪುವುದಿಲ್ಲ. ರೋಗಿಯ ಹಳೆಯ ಚೀಟಿಯನ್ನು ಯಾರೋ ನಕಲು ಮಾಡಿ ತಂದಾಗ ವೈದ್ಯರು ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರಲ್ಲ, ಹಾಗೆ.

ಬಯೊನೆಟ್ಟೋ ಕತ್ತಿಯೋ

ಇತಿಹಾಸದ ನಿಖರತೆ ಎಂದರೆ ಗುಂಡಿ ಎಣಿಸುವ ಪಾಂಡಿತ್ಯ ಎಂದು ಕೆಲವರು ಹಾಸ್ಯ ಮಾಡುತ್ತಾರೆ. ಹಾಗಲ್ಲ. ಸಣ್ಣದೊಂದು ವಸ್ತು ಕಥೆಯನ್ನೇ ಬದಲಿಸುತ್ತದೆ ಎಂಬುದಕ್ಕೆ ಇಲ್ಲಿಯ ಮಕ್ಕಳೆಲ್ಲ ಶಾಲೆಯಲ್ಲಿ ಓದುವ ಬೀರ್‌ಶೆಬಾ ದಾಳಿಯನ್ನೇ ತೆಗೆದುಕೊಳ್ಳೋಣ. 1917ರ ಅಕ್ಟೋಬರ್ 31ರ ಸಂಜೆ ಆಸ್ಟ್ರೇಲಿಯಾದ ಲೈಟ್ ಹಾರ್ಸ್‌ನ ಸುಮಾರು 800 ಸವಾರರು, ವಿಕ್ಟೋರಿಯಾದ ನಾಲ್ಕನೆಯ ಮತ್ತು ನ್ಯೂ ಸೌತ್ ವೇಲ್ಸ್‌ನ ಹನ್ನೆರಡನೆಯ ರೆಜಿಮೆಂಟಿನವರು, ತುರ್ಕಿಯರ ಕಂದಕಗಳ ಮೇಲೆ ಕುದುರೆ ಓಡಿಸಿದರು. ಅವರು ಕುದುರೆಯ ಮೇಲೆ ಬರುವ ಬಂದೂಕುದಾರರು. ಅವರ ಬಳಿ ಕತ್ತಿಯೇ ಇರಲಿಲ್ಲ. ಬಯೊನೆಟ್ಟನ್ನೇ ಕೈಯಲ್ಲಿ ಹಿಡಿದು ನುಗ್ಗಿದರು. 31 ಜನ ಸತ್ತರು. ಊರಿನ ಬಾವಿಗಳು ಕೈಗೆ ಬಂದವು. ಅವರ ದಳಗಳಿಗೆ ಕತ್ತಿ ಸಿಕ್ಕಿದ್ದು ಮರುವರ್ಷ, 1918ರಲ್ಲಿ. ಆದ್ದರಿಂದ ಬೀರ್‌ಶೆಬಾ ಎಂದು ಹೆಸರು ಹಚ್ಚಿದ ಗೊಂಬೆಯ ಕೈಯಲ್ಲಿ ಕತ್ತಿ ಇದ್ದರೆ, ಅದು ಮಿಲಿಮೀಟರಿಗೆ ಮಿಲಿಮೀಟರ್ ಸರಿಯಿದ್ದರೂ, ಆ ಸಂಜೆಯ ಧೈರ್ಯವನ್ನೇ ಅಳಿಸಿಹಾಕಿದಂತೆ. ಕತ್ತಿಯಿಲ್ಲದೆ ನುಗ್ಗಿದರು ಎಂಬುದೇ ಅಲ್ಲಿಯ ಕಥೆ.

ಪೆಟ್ಟಿಗೆಯಲ್ಲಿ ಕಾಣದ ಸವಾರರು

ಇಷ್ಟು ಹೇಳಿ, ನಮ್ಮ ಗೊಂಬೆ ಮೆಟ್ಟಿಲಿಗೆ ನ್ಯಾಯವಾಗಿ ಬರಬೇಕಾದ ಸಿಪಾಯಿಯ ಕಡೆಗೆ ತಿರುಗುತ್ತೇವೆ. ಅವನು ಮೈಸೂರು ಲ್ಯಾನ್ಸರ್ಸ್‌ನ ಸವಾರ.

ಮೈಸೂರು ಸಂಸ್ಥಾನ 1892ರಲ್ಲಿ ಕಟ್ಟಿದ ಈ ಅಶ್ವದಳ 1914ರಲ್ಲಿ ಈಜಿಪ್ಟಿಗೆ ಹೋಯಿತು. ಮೊದಲು ಸೂಯೆಜ್ ಕಾಲುವೆಯ ಕಾವಲು, ಬಳಿಕ ಪ್ಯಾಲೆಸ್ಟೈನಿನ ಕಾಳಗಗಳು. 1918ರಲ್ಲಿ ಮೈಸೂರು, ಜೋಧಪುರ, ಹೈದರಾಬಾದುಗಳ ಲ್ಯಾನ್ಸರ್‌ಗಳಿದ್ದ ಹದಿನೈದನೆಯ ಬ್ರಿಗೇಡು ಡೆಸರ್ಟ್ ಮೌಂಟೆಡ್ ಕೋರ್ ಎಂಬ ದೊಡ್ಡ ಪಡೆಯ ಭಾಗವಾಗಿತ್ತು. ಆ ಪಡೆಯ ದಂಡನಾಯಕ ಸರ್ ಹ್ಯಾರಿ ಶೋವೆಲ್. ನ್ಯೂ ಸೌತ್ ವೇಲ್ಸ್‌ನ ಟ್ಯಾಬುಲಂ ಎಂಬ ಊರಲ್ಲಿ ಹುಟ್ಟಿದವರು, ಒಂದು ಕೋರ್ ಅನ್ನು ನಡೆಸಿದ ಮೊದಲ ಆಸ್ಟ್ರೇಲಿಯನ್. ಬೀರ್‌ಶೆಬಾಗೆ ಲೈಟ್ ಹಾರ್ಸ್ ಅನ್ನು ಬಿಟ್ಟವರೂ ಅವರೇ. ಎಂದರೆ ನಮ್ಮ ಮೈಸೂರಿನ ಸವಾರನೂ ಈ ನಾಡಿನ ಸವಾರನೂ ಒಬ್ಬನೇ ದಂಡನಾಯಕನ ಕೈಕೆಳಗೆ, ಒಂದೇ ಪಡೆಯಲ್ಲಿದ್ದವರು. ಆನ್ಜಾಕ್ ದಿನ ನಮ್ಮ ಮಕ್ಕಳು ಶಾಲೆಯಲ್ಲಿ ರೋಸ್ಮರಿ ಎಸಳು ಸಿಕ್ಕಿಸಿಕೊಂಡು ನಿಲ್ಲುವಾಗ ಈ ಮಾತನ್ನು ಅವರಿಗೆ ಹೇಳುವವರಿಲ್ಲ.

1918ರ ಸೆಪ್ಟೆಂಬರ್ 23ರಂದು ಹೈಫಾ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ, ನಡುವೆ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲೆ ಫಿರಂಗಿಗಳು, ಇಳಿಜಾರಿನಲ್ಲಿ ಮಷೀನ್ ಗನ್ನುಗಳು. ಮೈಸೂರಿನ ಒಂದು ಸ್ಕ್ವಾಡ್ರನ್ ಶೆರ್ವುಡ್ ರೇಂಜರ್ಸ್‌ನ ಒಂದು ತುಕಡಿಯ ಜೊತೆ ಕಡಿದಾದ ದಾರಿಯಲ್ಲಿ ಬೆಟ್ಟ ಹತ್ತಿ ಫಿರಂಗಿಗಳ ಕಡೆಗೆ ಹೋಯಿತು. ಕೆಳಗೆ ಜೋಧಪುರದವರು ಊರಿನ ಕಡೆಗೆ ನುಗ್ಗಿದರು. ಅವರ ಮುಂದಾಳು ಮೇಜರ್ ದಳಪತ್ ಸಿಂಗ್ ಅಲ್ಲೇ ಮಡಿದರು. ಉಳಿದ ಮೈಸೂರು ಸವಾರರು ಅವರಿಗೆ ಬೆಂಬಲವಾಗಿ ನಿಂತು ಬೆನ್ನಹಿಂದೆಯೇ ಊರನ್ನು ಹೊಕ್ಕರು. ಸಂಜೆಯೊಳಗೆ ಹೈಫಾ ವಶವಾಯಿತು. ಸೆರೆ ಸಿಕ್ಕವರು 1,350 ಮಂದಿ. 17 ಫಿರಂಗಿಗಳು, 11 ಮಷೀನ್ ಗನ್ನುಗಳು ಕೈಗೆ ಬಂದವು. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಈ ಲೆಕ್ಕದಲ್ಲಿ ಕುದುರೆಯೇ ಮನುಷ್ಯನ ಮುಂದೆ ನಿಂತು ಗುಂಡು ತಿಂದದ್ದು ಕಾಣುತ್ತದೆ.

ದೆಹಲಿಯ ತೀನ್ ಮೂರ್ತಿಯ ಬಳಿ 1922ರಲ್ಲಿ ನಿಲ್ಲಿಸಿದ ಮೂರು ಕಂಚಿನ ಸಿಪಾಯಿಗಳಲ್ಲಿ ಒಬ್ಬ ಮೈಸೂರಿನವನು, ಒಬ್ಬ ಜೋಧಪುರದವನು, ಒಬ್ಬ ಹೈದರಾಬಾದಿನವನು. ಅವನ್ನು ಮಾಡಿದವನು ಲೆನರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲೂ ಈ ಲ್ಯಾನ್ಸರ್‌ಗಳ ಸ್ಮಾರಕ ಸ್ತಂಭವಿದೆ. ಬಸ್ಸಿನಲ್ಲಿ ಹಾದುಹೋಗುವ ಬಹಳ ಜನಕ್ಕೆ ಅದು ಏನೆಂದು ತಿಳಿಯದು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ 1953ರಲ್ಲಿ 61ನೆಯ ಕ್ಯಾವಲ್ರಿಯನ್ನು ಕಟ್ಟಿದಾಗ ಮೈಸೂರಿನ ಸವಾರರೂ ಅದರಲ್ಲಿ ಸೇರಿಹೋದರು.

ಅವನನ್ನು ಅಳತೆಗೆ ತರುವ ಬಗೆ

ಇಂಥ ಸವಾರನನ್ನು ಗೊಂಬೆಯಾಗಿ ನಿಲ್ಲಿಸುವುದು ಹೇಗೆ? ಮೂವತ್ತೆರಡರ ಪ್ರಮಾಣವನ್ನೇ ಹಿಡಿಯೋಣ. ಕುದುರೆಯ ಎತ್ತರವನ್ನು ನೆಲದಿಂದ ಹೆಗಲಿನವರೆಗೆ ಹ್ಯಾಂಡ್ ಲೆಕ್ಕದಲ್ಲಿ ಹೇಳುತ್ತಾರೆ; ಒಂದು ಹ್ಯಾಂಡ್ ಎಂದರೆ ನಾಲ್ಕಂಗುಲ. ಹದಿನೈದು ಹ್ಯಾಂಡ್‌ನ ಕುದುರೆ 152 ಸೆಂಟಿಮೀಟರ್. ಗೊಂಬೆಯಲ್ಲಿ ಹೆಗಲಿನವರೆಗೆ 48 ಮಿಲಿಮೀಟರ್. ಅಂದರೆ ಪಕ್ಕದಲ್ಲಿ ನಿಂತ ಸಿಪಾಯಿಯ ಕತ್ತಿನ ಹತ್ತಿರಕ್ಕೆ ಕುದುರೆಯ ಹೆಗಲು ಬರಬೇಕು. ಅಗ್ಗದ ಗೊಂಬೆಗಳಲ್ಲಿ ಅದು ಎದೆಯ ಕೆಳಗೇ ನಿಂತು ಕುದುರೆ ಕತ್ತೆಮರಿಯಾಗುತ್ತದೆ. ಆ ಕಾಲದ ಭಾರತದ ಅಶ್ವದಳಗಳಿಗೆ ಆಸ್ಟ್ರೇಲಿಯಾದಿಂದ ಹಡಗುಗಳಲ್ಲಿ ಕುದುರೆಗಳು ಹೋಗುತ್ತಿದ್ದವು ಎಂಬುದನ್ನೂ ನೆನೆಯಬೇಕು. ನ್ಯೂ ಸೌತ್ ವೇಲ್ಸ್ ಎಂಬ ಹೆಸರಿನಿಂದಲೇ ಅವುಗಳಿಗೆ ವೇಲರ್ ಎಂಬ ಹೆಸರು ಬಂತು. ಮೊದಲ ಮಹಾಯುದ್ಧಕ್ಕೆ ಈ ದೇಶದಿಂದ ಹೋದ ಕುದುರೆಗಳು 1,36,000 ಎಂದು ಲೆಕ್ಕ. ತಿರುಗಿ ಬಂದದ್ದು ಒಂದೇ ಒಂದು.

ಬಿದಿರಿನ ಭಲ್ಲೆಯ ಉದ್ದ ಸುಮಾರು ಒಂಬತ್ತು ಅಡಿ. ಗೊಂಬೆಯಲ್ಲಿ 86 ಮಿಲಿಮೀಟರ್ ಬರಬೇಕು, ಎಂದರೆ ಸವಾರನ ಎತ್ತರದ ಒಂದೂವರೆಗಿಂತ ಹೆಚ್ಚು. ಮೂರು ಸೆಂಟಿಮೀಟರ್ ದಪ್ಪದ ಬಿದಿರು ಒಂದು ಮಿಲಿಮೀಟರಿಗಿಂತ ತೆಳುವಾಗುತ್ತದೆ. ಹಲ್ಲುಕಡ್ಡಿಯೂ ಅದಕ್ಕೆ ದಪ್ಪವೇ. ಪೊರಕೆಯ ಕಡ್ಡಿಯನ್ನು ಹೆರೆದು ಹಾಕಿದರೆ ಸರಿಹೋಗುತ್ತದೆ, ನಾವು ಹಾಕಿ ನೋಡಿದ್ದೇವೆ.

ಬಣ್ಣದ ವಿಷಯದಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಇವನು ಯಾವ ದಿನದ ಸವಾರ? ದಸರಾ ಮೆರವಣಿಗೆಯವನೇ, ಹೈಫಾದವನೇ? ಮೆರವಣಿಗೆಯವನಾದರೆ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಯ ಮೇಲಿನ 26 ತೈಲಚಿತ್ರಗಳನ್ನು ನೋಡಬೇಕು. ಆಸ್ಥಾನದ ಕಲಾವಿದರು ನಿಜವಾದ ಮೆರವಣಿಗೆಯ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಬರೆದ ಆ ಸಾಲಿನಲ್ಲಿ ಸಂಸ್ಥಾನದ ದಳಗಳು ಹಾದುಹೋಗುತ್ತವೆ. ಊರಿಗೆ ಹೋದಾಗ ಅಂಬಾರಿಯನ್ನಷ್ಟೇ ನೋಡಿ ಬರದೆ ಅಲ್ಲೂ ಹತ್ತು ನಿಮಿಷ ನಿಲ್ಲಬಹುದು. ಹೈಫಾದವನಾದರೆ ಆ ಬಣ್ಣಗಳೆಲ್ಲ ಬೇಡ: ಖಾಕಿ ಅಂಗಿ, ಖಾಕಿ ಪೇಟ, ಮರುಭೂಮಿಯ ಧೂಳು. ಮಕ್ಕಳಿಗೆ ಅವನು ಮೊದಲ ನೋಟಕ್ಕೆ ಸಪ್ಪೆ ಎನಿಸಬಹುದು. ಯುದ್ಧಕ್ಕೆ ಹೋದವನು ಮೆರವಣಿಗೆಯ ಬಟ್ಟೆ ತೊಟ್ಟು ಹೋಗಲಿಲ್ಲ ಎಂದು ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ವೈದ್ಯರಾಗಿ ಇಲ್ಲಿ ಒಂದು ಮಾತು ಹೇಳದಿದ್ದರೆ ಕರ್ತವ್ಯಲೋಪವಾದೀತು. ಸಂತೆಗಳಲ್ಲಿ ಸಿಗುವ ಹಳೆಯ ಲೋಹದ ಸಿಪಾಯಿಗಳು ಬಹುಪಾಲು ಸೀಸದವು. ಬ್ರಿಟನ್ ಕಂಪನಿ ಸೀಸವನ್ನು ಬಿಟ್ಟದ್ದು 1966ರಲ್ಲಿ. ಬಣ್ಣದಲ್ಲೂ ಸೀಸವಿರುತ್ತಿತ್ತು. ಮಕ್ಕಳ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ದಾಟಿದರೆ ಮೂಲ ಹುಡುಕಬೇಕೆಂದು ಇಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿ 2015ರಿಂದ ಹೇಳುತ್ತಿದೆ. ಕೆಳಗಿನ ಮೆಟ್ಟಿಲು ಅಂಬೆಗಾಲಿನ ಮಗುವಿನ ಬಾಯಿಗೂ ಹತ್ತಿರ. ಸೀಸದ ಸಿಪಾಯಿಗೆ ಮೇಲಿನ ಮೆಟ್ಟಿಲಿಗೆ ಬಡ್ತಿ ಕೊಡಿ, ಇಲ್ಲವೇ ಗಾಜಿನ ಪೆಟ್ಟಿಗೆಯಲ್ಲಿಡಿ. ಮುಟ್ಟಿದ ಕೈಯನ್ನು ತಿಂಡಿಗೆ ಮೊದಲು ತೊಳೆಸಿ.

ಯಾವ ತಪ್ಪು ದೊಡ್ಡದು?

ಅಳತೆ ತಪ್ಪಿದರೆ ಕಣ್ಣು ತಾನೇ ಹಿಡಿಯುತ್ತದೆ. ಆನೆಗಿಂತ ಎತ್ತರದ ಸಿಪಾಯಿಯನ್ನು ನೋಡಿ ಮೂರು ವರ್ಷದ ಮಗುವೂ ನಗುತ್ತದೆ, ಮತ್ತು ಅಂಥ ಸಿಪಾಯಿ ಇದ್ದನೆಂದು ನಂಬುವುದಿಲ್ಲ. ಇತಿಹಾಸ ತಪ್ಪಿದರೆ ಯಾರೂ ನಗುವುದಿಲ್ಲ. ಬಂಗಾಳದ ಸವಾರನನ್ನು ಮೈಸೂರಿನವನೆಂದು ನಿಲ್ಲಿಸಿದರೆ ಮಗು ನಂಬುತ್ತದೆ. ಬೆಳೆದ ಮೇಲೆ ತನ್ನ ಮಗುವಿಗೂ ಹಾಗೆಯೇ ಹೇಳುತ್ತದೆ. ಊರಿನಲ್ಲಿದ್ದರೆ ತಿದ್ದಲು ಗೋಡೆಗಳಿವೆ, ಕಲ್ಲುಗಳಿವೆ, ಅಜ್ಜಂದಿರಿದ್ದಾರೆ. ಹತ್ತು ಸಾವಿರ ಕಿಲೋಮೀಟರ್ ದೂರದ ಈ ಹಜಾರಗಳಲ್ಲಿ ಅನೇಕ ಮಕ್ಕಳಿಗೆ ಈ ಗೊಂಬೆ ಮೆಟ್ಟಿಲೇ ಮೈಸೂರು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಪಟ್ಟದ ಗೊಂಬೆ ಎಷ್ಟು ದೊಡ್ಡದಾದರೂ ಇರಲಿ, ಅದು ಅದರ ಹಕ್ಕು. ಒಂದು ಕಾಳಗವನ್ನೋ ಮೆರವಣಿಗೆಯನ್ನೋ ಜೋಡಿಸುವಾಗ ಮಾತ್ರ ಆ ಒಂದು ದೃಶ್ಯದೊಳಗೆ ಒಂದೇ ಪ್ರಮಾಣವನ್ನು ಇಟ್ಟುಕೊಳ್ಳಿ. ಪ್ರತಿ ಸಿಪಾಯಿಯ ಬಳಿ ಒಂದು ಚೀಟಿ ಇಡಿ: ಇವನು ಯಾರು, ಯಾವ ಊರಿನವನು, ಯಾವ ವರ್ಷದವನು. ಆ ಮೂರನ್ನು ಬರೆಯಲು ಬಾರದಿದ್ದರೆ ಅವನನ್ನು ಸುಮ್ಮನೆ ಸಿಪಾಯಿ ಎಂದು ಕರೆಯಿರಿ, ಮೈಸೂರಿನವನೆಂದು ಕರೆಯಬೇಡಿ. ಸಾಧ್ಯವಾದರೆ ಖಾಕಿ ಪೇಟದ ಸವಾರನ ಪಕ್ಕದಲ್ಲಿ ಅಂಚು ಮಡಿಸಿದ ಟೋಪಿಯ ಲೈಟ್ ಹಾರ್ಸ್ ಸವಾರನನ್ನೂ ನಿಲ್ಲಿಸಿ. ಅವರಿಬ್ಬರೂ ಜೊತೆಗಾರರು.

ಕೊನೆಯದಾಗಿ ಒಂದು ವಿನಂತಿ. ಸಿಡ್ನಿಯಲ್ಲಾಗಲಿ ಮೆಲ್ಬರ್ನಿನಲ್ಲಾಗಲಿ ನಮ್ಮ ಸಂಘದ ಬಂಧುಗಳ ಪೈಕಿ ಯಾರ ಮನೆತನದಲ್ಲಾದರೂ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದ ಅಜ್ಜ ಮುತ್ತಜ್ಜಂದಿರ ಫೋಟೋ, ಪದಕ, ಕಾಗದಪತ್ರ ಇದ್ದರೆ ಸಂಪಾದಕರಿಗೆ ತಿಳಿಸಬೇಕು. ಹಳೆಯ ಟ್ರಂಕಿನ ತಳದಲ್ಲಿರುವ ಒಂದು ಫೋಟೋ, ಅಂಗಡಿಯ ನೂರು ಪೆಟ್ಟಿಗೆಗಳಿಗಿಂತ ಹೆಚ್ಚು ಹೇಳಬಲ್ಲದು. ಅದನ್ನು ನೋಡಿಕೊಂಡು ಬಣ್ಣ ಹಚ್ಚಲು ನಾವು ಸಿದ್ಧ.